ಮಡಲು ಕಟ್ಟದ ಮಳೆಗಾಲ

ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಮೇ ತಿಂಗಳ ಒಂದು ಶುಕ್ರವಾರ. ಗೋಡೆ ಬಿದ್ದದ್ದು ಆವತ್ತಲ್ಲ. ಅದು ಬಿದ್ದದ್ದು ಒಂಬತ್ತು ವಾರ ಕಳೆದು, ಜುಲೈ ನಡುವಿನಲ್ಲಿ. ಆದರೆ ಎಲ್ಲ ಕೆಡಲು ಶುರುವಾದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಗಳಿಗೆಯನ್ನೇ. ಇಷ್ಟು ಸರಿಯಾಗಿ ಗೊತ್ತಿರುವುದಕ್ಕೆ ಕಾರಣ ನನ್ನ ಫೋನಿನಲ್ಲಿ ಇನ್ನೂ ಇರುವ ಒಂದು ಫೋಟೋ. ಅದರಲ್ಲಿ ಸಿಪ್ರಿಯಣ್ಣ ಏಣಿಯ ಮೇಲೆ ನಿಂತಿದ್ದಾರೆ. ಎಡಗೈಯಲ್ಲಿ ಬಿದಿರಿನ ಗೂಟ, ಬಲಗೈಯಲ್ಲಿ ಮರದ ಕೊಡತಿ. ಗೋಡೆಯ ಸಂದಿಗೆ ಗೂಟ ಒತ್ತಿ ಹಿಡಿದು, ಹೊಡೆಯುವ ಮೊದಲು ಕೆಳಗೆ ನನ್ನತ್ತ ನೋಡಿ ನಗುತ್ತಿದ್ದಾರೆ. ನಾನು ಫೋನು ಕೆಳಗಿಳಿಸಿ ಹೇಳಿದೆ: “ಇಳೀರಿ ಸಿಪ್ರಿಯಣ್ಣ. ಈ ವರ್ಷ ಗೂಟ ಹೊಡೆಯುವುದು ಬೇಡ.”

ಅದಾಗಿ ಮೂರು ವರ್ಷವಾಯಿತು. ನಾನೀಗ ಕಾರ್ಕಳದಲ್ಲಿ ಒಬ್ಬ ಗುತ್ತಿಗೆದಾರರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುತ್ತೇನೆ. ಕಳೆದ ವಾರ ಒಂದು ಜಾಗದ ಅಳತೆಗೆ ಹೋಗಿದ್ದೆ. ಪಕ್ಕದ ಹಳೆಯ ಮನೆಯವರು ಕೆರೆಯಲ್ಲಿ ನೆನೆಹಾಕಿದ್ದ ತೆಂಗಿನ ಮಡಲುಗಳನ್ನು, ಹೆಣೆದ ಗರಿಗಳನ್ನು, ಮೇಲೆತ್ತಿ ಅಂಗಳದಲ್ಲಿ ರಾಶಿ ಹಾಕುತ್ತಿದ್ದರು. ಕೆಸರು, ಕೊಳೆತ ಎಲೆ, ಅದರೊಳಗೆ ಒಂದು ಸಿಹಿ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಕೈಯಲ್ಲಿದ್ದ ಟೇಪು ಜಾರಿ ಸರ್ರನೆ ಸುತ್ತಿಕೊಂಡಿತು. ಆ ಸದ್ದಿಗೆ ನಾನು ಓಡಿಹೋಗಿ ಕಾರಿನ ಹಿಂದೆ ಕುಳಿತುಬಿಟ್ಟೆ. ಜೊತೆಗಿದ್ದವರು ಬಿಸಿಲು ಹೊಡೆದಿರಬೇಕು ಎಂದುಕೊಂಡು ನೀರು ಕೊಟ್ಟರು. ನಾನೂ ಹೌದು, ಬಿಸಿಲು ಎಂದೆ.

ಆ ವರ್ಷ ನಾನು ಮಣಿಪಾಲದಲ್ಲಿ ವಾಸ್ತುಶಿಲ್ಪ ಓದಿ ಮುಗಿಸಿ, ಅಲ್ಲಿಯೇ ಹಳೆಯ ಕಟ್ಟಡಗಳನ್ನು ದಾಖಲಿಸುವ ಒಂದು ಸಣ್ಣ ಕಚೇರಿಗೆ ಸೇರಿದ್ದೆ. ಕೆಮ್ಮಣ್ಣಿನ ಹತ್ತಿರ, ಹೊಳೆಬದಿಯಲ್ಲಿ ಒಂದು ಹಳೆಯ ಇಗರ್ಜಿ, ಅಂದರೆ ಚರ್ಚು, ಇತ್ತು. ಹೆಸರು ಬರೆಯುವುದಿಲ್ಲ. ಜನ ದೋಣಿಯಲ್ಲಿ ಪೂಜೆಗೆ ಬರುತ್ತಿದ್ದ ಕಾಲದಲ್ಲಿ ಕಟ್ಟಿದ್ದು, ಹಾಗಾಗಿ ಅದರ ಮುಖ ಉತ್ತರಕ್ಕೆ, ಹೊಳೆಯತ್ತ. ಉದ್ದದ ಗೋಡೆ ಪಶ್ಚಿಮಕ್ಕೆ, ಗಾಳಿಮಳೆಯತ್ತ. ರಸ್ತೆ ಬಂದ ಮೇಲೆ ರಸ್ತೆ ಬದಿಯಲ್ಲಿ ಕಾಂಕ್ರೀಟಿನ ಹೊಸ ಇಗರ್ಜಿ ಎದ್ದಿತು. ಹಳೆಯದರಲ್ಲಿ ವರ್ಷಕ್ಕೆ ಎರಡು ಪೂಜೆ, ಮೇ ತಿಂಗಳ ಜಪಸರ, ಇಷ್ಟೇ. ಅದನ್ನು ಕೆಡವಿ ಸಭಾಭವನ ಕಟ್ಟಬೇಕು ಎಂದು ಇಗರ್ಜಿಯ ಸಮಿತಿಯಲ್ಲಿ ಹೆಚ್ಚಿನವರ ಆಸೆ. ಬೇಡ ಎನ್ನುತ್ತಿದ್ದವರು ಇಬ್ಬರೇ. ಒಬ್ಬರು ಹೊಸದಾಗಿ ಬಂದಿದ್ದ ಫಾದರ್. ಇನ್ನೊಬ್ಬರು ಸಿಪ್ರಿಯಣ್ಣ.

ಸಿಪ್ರಿಯಣ್ಣ ಇಗರ್ಜಿಯ ಗಂಟೆ ಬಾರಿಸುವವರು, ದೀಪ ಹಚ್ಚುವವರು, ಬೀಗದ ಕೈ ಇಟ್ಟುಕೊಳ್ಳುವವರು. ಅರವತ್ತು ದಾಟಿತ್ತು. ಅವರ ಅಪ್ಪನೂ ಅದೇ ಕೆಲಸ ಮಾಡಿದವರಂತೆ. ಮೊದಲ ದಿನ ನಾನು ಅಳತೆಗೆ ಹೋದಾಗ ಯಾರ ಮಗಳು, ಯಾವ ಊರು ಎಂದೆಲ್ಲ ವಿಚಾರಿಸಿದರು. ಕಾಪು, ಅಪ್ಪ ದೋಣಿಗೆ ಹೋಗುತ್ತಿದ್ದರು ಎಂದೆ. “ಹಾಗಾದ್ರೆ ನಿಮಗೆ ಗಾಳಿ ಗೊತ್ತುಂಟು” ಎಂದರು. ಆಮೇಲೆ ಕೊಂಕಣಿಯವರು ಮನೆಮಗಳನ್ನು ಕರೆಯುವ ಹಾಗೆ ನನ್ನನ್ನು ಬಾಯೆ ಎಂದು ಕರೆಯತೊಡಗಿದರು. ಆರು ತಿಂಗಳು ನಾನು ಆ ಕಟ್ಟಡವನ್ನು ಅಳೆದೆ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ಗೋಡೆ, ಕಲ್ಲುಗಳ ನಡುವೆ ಮಣ್ಣಿನ ಗಾರೆ, ಮೇಲೆ ಸುಣ್ಣ. ಹಂಚಿನ ಮಾಡಿನ ಮರಗಳನ್ನು ಒಂದೊಂದಾಗಿ ಎಣಿಸಿದೆ. ಒಳಗಿದ್ದ ಪ್ರತಿಯೊಂದು ವಸ್ತುವಿಗೂ ದಾರದಲ್ಲಿ ಚೀಟಿ ಕಟ್ಟಿ ಸಂಖ್ಯೆ ಹಾಕಿದೆ. ಪಶ್ಚಿಮ ಗೋಡೆಯ ಗೂಡಿನಲ್ಲಿದ್ದ ಮಾತೆಯ ಮರದ ಪ್ರತಿಮೆ ಹದಿನಾಲ್ಕನೆಯದು. ವರದಿ ಬರೆದೆ. ಅದು ಬೆಂಗಳೂರಿಗೆ ಹೋಯಿತು. ಏಪ್ರಿಲ್ ಮುಗಿಯುವಾಗ ಸರಕಾರದ ಪ್ರಾಥಮಿಕ ಅಧಿಸೂಚನೆ ಬಂತು. ಈ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸುವ ಉದ್ದೇಶವಿದೆ, ಆಕ್ಷೇಪಣೆ ಇದ್ದವರು ಎರಡು ತಿಂಗಳೊಳಗೆ ತಿಳಿಸಬೇಕು. ಅದರ ಪ್ರತಿಯನ್ನು ಇಗರ್ಜಿಯ ಬಾಗಿಲಿಗೆ ಅಂಟಿಸಿದವಳು ನಾನೇ. ನಾನು ಬರೆದ ಪದಗಳು ಸರಕಾರದ ಕಾಗದದಲ್ಲಿ ಬಂದಿದ್ದವು. ಆ ಸಂತೋಷವನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಭಾನುವಾರದ ಪೂಜೆಯ ನಂತರ ಸಮಿತಿಯವರಿಗೆ ಆ ಕಾಗದವನ್ನೂ, ಅದರ ಹಿಂದಿನ ಕಾಯಿದೆಯ ಕೆಲವು ಸಾಲುಗಳನ್ನೂ ಓದಿ ಹೇಳಿದೆ. ಕೆಡವಬಾರದು, ಬದಲಿಸಬಾರದು, ಹಾನಿ ಮಾಡಬಾರದು. ಸಮಿತಿಯ ಉಪಾಧ್ಯಕ್ಷರು ವಾಲ್ಟರ್ ಬಾಬ್, ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು ಬಂದವರು. ಸಭಾಭವನದ ಆಸೆ ಎಲ್ಲರಿಗಿಂತ ಅವರಿಗೆ ಹೆಚ್ಚು. ಅವರು ಕೇಳಿದರು, “ಇನ್ನು ಗೋಡೆಗೆ ಒಂದು ಕೊಡೆ ಹಿಡೀಬೇಕಾದ್ರೂ ಬೆಂಗಳೂರಿನ ಸಹಿ ಬೇಕಾ ಮಾರಾಯ್ತಿ?” ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸಹಿ ಇಲ್ಲದೆ ಯಾವುದನ್ನೂ ಮುಟ್ಟದಿರುವುದು ಒಳ್ಳೆಯದು ಎಂದೆ. ಒಂದು ಸಣ್ಣ ತಪ್ಪು ಸಿಕ್ಕಿದರೂ ಇವರು ಅದನ್ನೇ ಹಿಡಿದು ಆಕ್ಷೇಪಣೆ ಬರೆಯುತ್ತಾರೆ ಎಂದು ನನಗೆ ಭಯ.

ಮಡಲು ಕಟ್ಟುವುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಈಗ ಕಟ್ಟುವವರು ಕಡಿಮೆ. ಮಳೆ ಹಿಡಿಯುವ ಮೊದಲು, ಗಾಳಿ ಬಡಿಯುವ ಗೋಡೆಗೆ ಹೆಣೆದ ತೆಂಗಿನ ಮಡಲುಗಳನ್ನು ಸಾಲುಸಾಲಾಗಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಬರುವಂತೆ ಕಟ್ಟುತ್ತಾರೆ. ನೀರು ಮಡಲಿನ ಮೇಲಿಂದ ಜಾರಿ ನೆಲಕ್ಕೆ ಹೋಗುತ್ತದೆ. ಒಳಗಿನ ಗೋಡೆಗೆ ಗಾಳಿಯಾಡುತ್ತದೆ, ನೀರು ತಾಗುವುದಿಲ್ಲ. ನವರಾತ್ರಿಯ ಹೊತ್ತಿಗೆ ಬಿಚ್ಚಿ ಒಲೆಗೆ ಹಾಕುತ್ತಾರೆ. ಆ ಇಗರ್ಜಿಯಲ್ಲಿ ಒಂದೊಂದು ವಾಡೆಯವರು, ಅಂದರೆ ಕೇರಿಯವರು, ಇಷ್ಟಿಷ್ಟು ಮಡಲು ಹೆಣೆದು ಕೊಡುವುದು ಕ್ರಮ. ಹೆಂಗಸರು ಹೆಣೆಯುವುದು, ಗಂಡಸರು ಅವನ್ನು ಹೊಳೆಯ ಉಪ್ಪುನೀರಿನಲ್ಲಿ ವಾರಗಟ್ಟಲೆ ಮುಳುಗಿಸಿ ಇಡುವುದು, ಮೇ ನಡುವಿನಲ್ಲಿ ಸಿಪ್ರಿಯಣ್ಣ ಏಣಿ ಹತ್ತುವುದು. ಮಡಲು ಕಟ್ಟಲು ಬಿದಿರಿನ ಅಡ್ಡಪಟ್ಟಿ ಬೇಕು, ಪಟ್ಟಿ ನಿಲ್ಲಲು ಗೋಡೆಗೆ ಗೂಟ ಬೇಕು. ಪ್ರತಿವರ್ಷ ಅದೇ ತೂತುಗಳಿಗೆ ಹೊಸ ಗೂಟ. ನನ್ನ ವರದಿಯಲ್ಲಿ ಗೋಡೆಗಾದ ಹಾನಿಯ ಬಗ್ಗೆ ಒಂದು ಪುಟ ಇತ್ತು. ಅದರಲ್ಲಿ ಆ ತೂತುಗಳ ಮೂರು ಸಾಲುಗಳ ಫೋಟೋ ಹಾಕಿ, ವರ್ಷ ವರ್ಷ ಗೂಟ ಹೊಡೆಯುವುದರಿಂದ ಗೋಡೆ ಹಾಳಾಗುತ್ತಿದೆ ಎಂದು ಬರೆದಿದ್ದೆ.

ನಮ್ಮ ಕಾಪುವಿನ ಹಳೆಯ ಮನೆಗೂ ನಾನು ಐದನೆಯ ಕ್ಲಾಸಿನಲ್ಲಿರುವವರೆಗೆ ಮಡಲು ಕಟ್ಟುತ್ತಿದ್ದರು. ಅದರ ಹಿಂದೆ ಅಡಗಿ ಆಡಿದವಳು ನಾನು. ಆದರೆ ಗೋಡೆಯ ತೂತುಗಳನ್ನು ಕಾಲೇಜಿನಲ್ಲಿ ಕಲಿತ ಕಣ್ಣಿನಿಂದ ನೋಡಿದೆ. ಆ ಕಣ್ಣಿಗೆ ಅವು ಗಾಯದ ಹಾಗೆ ಕಂಡವು.

ಆ ಶುಕ್ರವಾರ ಸಿಪ್ರಿಯಣ್ಣ ಏಣಿಯಿಂದ ಇಳಿದರು. ವಾದ ಮಾಡಲಿಲ್ಲ. ಗೂಟವನ್ನು ಅಂಗಿಯ ತುದಿಗೆ ಒರೆಸಿ, “ಹಾಗಾದ್ರೆ ಎಂತ ಮಾಡುವುದು ಬಾಯೆ?” ಎಂದು ಕೇಳಿದರು. ಇವತ್ತೇ ಪುರಾತತ್ವ ಇಲಾಖೆಗೆ ಪತ್ರ ಬರೆಯುತ್ತೇನೆ, ಒಂದು ವಾರದಲ್ಲಿ ಅನುಮತಿ ಬರುತ್ತದೆ, ಆಮೇಲೆ ಧೈರ್ಯವಾಗಿ ಕಟ್ಟಬಹುದು ಎಂದೆ. ಅವರು ಏಣಿಯನ್ನು ಮಲಗಿಸಿದರು. ಆರುನೂರು ಮಡಲು ಅಂಗಳದಲ್ಲಿ ರಾಶಿ ಬಿದ್ದಿತ್ತು.

ಪತ್ರ ಆವತ್ತೇ ಬರೆದೆ. ಅದರಲ್ಲಿ ನಾನು ಸುಳ್ಳಾಡಲಿಲ್ಲ. ವಾರ ಕಳೆದು ಫೋನು ಮಾಡಿದೆ. ಸಂಬಂಧಪಟ್ಟವರು ರಜೆಯಲ್ಲಿದ್ದರು. ಮತ್ತೊಂದು ವಾರಕ್ಕೆ, ಫೋಟೋ ಸೇರಿಸಿ ಕಳಿಸಿ ಎಂದರು. ಕಳಿಸಿದೆ. ಕಡತ ಮೇಲಕ್ಕೆ ಹೋಗಿದೆ ಎಂದರು. ಅಷ್ಟರಲ್ಲಿ ಜೂನ್ ಬಂತು, ಮಳೆಯೂ ಬಂತು. ಆ ವರ್ಷದ ಮಳೆ ಮೊದಲ ದಿನದಿಂದಲೇ ಅಡ್ಡಕ್ಕೆ ಹೊಡೆಯಿತು. ಗೂಟ ಹೊಡೆಯದೆ ಏನಾದರೂ ಮಾಡೋಣ ಎಂದು ಮಾಡಿನ ಅಂಚಿನಿಂದ ನೀಲಿ ಪ್ಲಾಸ್ಟಿಕ್ ಇಳಿಬಿಟ್ಟೆವು. ಅದು ನನ್ನ ಉಪಾಯ. ಹೊಳೆಯ ಗಾಳಿಗೆ ಅದು ಹಗಲಿಡೀ ಪಟಪಟ ಬಡಿದುಕೊಂಡು, ನಾಲ್ಕನೆಯ ದಿನ ನಡುವೆ ಸೀಳಿತು. ಹೊಲಿದು ಮತ್ತೆ ಕಟ್ಟಿಸಿದೆ.

ಹೊಸ ಇಗರ್ಜಿಯ ಆವರಣಗೋಡೆ ಕಟ್ಟುತ್ತಿದ್ದ ಮೇಸ್ತ್ರಿ ಯಮನಪ್ಪ, ಬಾಗಲಕೋಟೆ ಕಡೆಯವನು. ಹತ್ತು ವರ್ಷದಿಂದ ಸಂತೆಕಟ್ಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ. ಅವನು ಒಂದು ದಿನ ಪ್ಲಾಸ್ಟಿಕ್ಕಿನೊಳಗೆ ಕೈ ಹಾಕಿ ಗೋಡೆಯನ್ನು ಸವರಿ, ಅಂಗೈ ನನಗೆ ತೋರಿಸಿದ. ಅಂಗೈ ತುಂಬ ಕೆಂಪು ನೀರು.

“ಒಳಗ ಬೆವರಾಕ್ಹತ್ತೈತ್ರಿ ಮೇಡಂ. ನಮ್ಮ ಕಡೆ ಮಣ್ಣಿನ ಗ್ವಾಡಿ ಅದಾವ, ಮಳಿ ಇಲ್ಲ. ನಿಮ್ಮ ಕಡೆ ಮಳಿ ಐತಿ, ಗ್ವಾಡಿ ಮೈಮ್ಯಾಲ ಅರಿವಿ ಇಲ್ಲ.”

ಬಟ್ಟೆಯಿಲ್ಲದ ಗೋಡೆ. ಕಾರ್ಕಳಕ್ಕೆ ಬಂದ ಮೇಲೆ ನನಗೆ ಆ ಮಾತು ಪೂರ್ತಿ ಅರ್ಥವಾಯಿತು. ಇಲ್ಲಿಯದು ಕರಿಕಲ್ಲು. ಇಲ್ಲಿಯ ಬಸದಿಗಳು ಬೋಳಾಗಿ ಮಳೆಯಲ್ಲಿ ನಿಲ್ಲುತ್ತವೆ. ಅವನ್ನು ಯಾರೂ ಮುಟ್ಟದಿದ್ದರೆ ಅದೇ ರಕ್ಷಣೆ. ಕಾಯಿದೆ ಬರೆದವರು ಕರಿಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು ಎಂದು ನನಗೆ ಅನ್ನಿಸುತ್ತದೆ. ಮುರಕಲ್ಲು ಹಾಗಲ್ಲ. ಅದಕ್ಕೆ ವರ್ಷ ವರ್ಷ ಯಾರಾದರೂ ಏಣಿ ಹತ್ತಬೇಕು. ಅದನ್ನು ಮುಟ್ಟುತ್ತಲೇ ಇರಬೇಕು. ಇದು ಕಾಯಿದೆಯ ತಪ್ಪು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಕಾಯಿದೆ ಗೂಟ ಹೊಡೆಯಬೇಡ ಎಂದು ಎಲ್ಲಿಯೂ ಹೇಳಿರಲಿಲ್ಲ. ಹೇಳಿದ್ದು ನಾನು.

ಜೂನ್ ಕೊನೆಯಲ್ಲಿ ಸಿಪ್ರಿಯಣ್ಣ ಎರಡು ಬಸ್ಸು ಬದಲಿಸಿ ಮಣಿಪಾಲಕ್ಕೆ, ನಮ್ಮ ಕಚೇರಿಗೇ ಬಂದರು. ಕೊಡೆಯನ್ನು ಹೊರಗೆ ಬಿಡಲು ಮನಸ್ಸಿಲ್ಲದೆ ನೀರು ಸೋರುತ್ತಿದ್ದ ಅದನ್ನು ಕಾಲಸಂದಿಯಲ್ಲಿ ಹಿಡಿದುಕೊಂಡು ಕುಳಿತರು. ಕಾಗದ ಬಂತಾ ಎಂದು ಕೇಳಿದರು. ಇಲ್ಲ ಎಂದೆ. ಸುಣ್ಣ ಉಬ್ಬಿದೆ, ಕೆಳಗಿನ ಎರಡು ಸಾಲು ಕಲ್ಲು ಬೆರಳಿಗೆ ಪುಡಿ ಬರುತ್ತದೆ, ವಾಡೆಯವರು ಮಡಲು ಈಗಲೂ ಒಳ್ಳೆಯದಿದೆ, ಕಟ್ಟುವುದಾದರೆ ಒಂದು ದಿನದ ಕೆಲಸ ಎನ್ನುತ್ತಿದ್ದಾರೆ ಎಂದೆಲ್ಲ ಹೇಳಿದರು. ನನ್ನಿಂದ ಒಂದು ಮಾತು ಹೊರಡಿಸಲು ಬಂದಿದ್ದರು ಎಂದು ಈಗ ತಿಳಿಯುತ್ತದೆ. ಕಟ್ಟಿ ಎಂದಿದ್ದರೆ ಸಾಕಿತ್ತು. ಆಕ್ಷೇಪಣೆಯ ಅವಧಿ ಮುಗಿಯಲು ಇನ್ನು ಕೆಲವೇ ದಿನ, ಇಷ್ಟು ದಿನ ಕಾದಿದ್ದೇವೆ, ಇನ್ನೊಂದು ವಾರ ಎಂದೆ. ಅವರು ತಲೆಯಾಡಿಸಿದರು. “ನೀವು ಓದಿದವರು. ನಿಮಗೆ ಗೊತ್ತುಂಟು” ಎಂದರು. ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅವಧಿ ಮುಗಿಯಿತು. ಆಕ್ಷೇಪಣೆ ಒಂದೂ ಬಂದಿರಲಿಲ್ಲ. ವಾಲ್ಟರ್ ಬಾಬ್ ಕೂಡ ಬರೆದಿರಲಿಲ್ಲ. ಅಂತಿಮ ಅಧಿಸೂಚನೆಗೆ ಕಡತ ತಯಾರಾಗುತ್ತಿದೆ ಎಂದು ಇಲಾಖೆಯವರು ಫೋನಿನಲ್ಲಿ ಹೇಳಿದಾಗ ನಾನು ಸಿಪ್ರಿಯಣ್ಣನಿಗೆ ಫೋನು ಮಾಡಿ ಗೆದ್ದೆವು ಎಂದೆ. ಅವರು ಒಳ್ಳೆಯದಾಯಿತು ಎಂದು ಹೇಳಿ, ಮಡಲಿನ ಕಾಗದ ಬಂತಾ ಎಂದು ಕೇಳಿದರು.

ಅದಾದ ಎಂಟನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ ಯಮನಪ್ಪನ ಫೋನು. ಗ್ವಾಡಿ ಹೊಟ್ಟಿ ಬಿಟ್ಟೈತಿ, ಮುದುಕಪ್ಪ ಒಳಗದಾರ, ಹೊರಗ ಬಾ ಅಂದ್ರ ಬರವಲ್ಲರು, ನೀವು ಬಂದು ಹೇಳಬೇಕಂತ. ಮೂರು ದಿನದಿಂದ ಬಿಡದೆ ಹೊಯ್ಯುತ್ತಿತ್ತು. ಸ್ಕೂಟರಿನಲ್ಲಿ ಹೊರಟೆ. ಸಂತೆಕಟ್ಟೆಯಲ್ಲಿ ಹೆದ್ದಾರಿ ಅಗೆದು ಹಾಕಿದ್ದರು, ಲಾರಿಗಳ ಸಾಲು ನಿಂತಿತ್ತು. ಅಲ್ಲಿ ಹೋದ ಹದಿನೈದು ನಿಮಿಷವನ್ನು ನಾನು ಎಷ್ಟು ಸಲ ಬೇರೆ ಬೇರೆ ರೀತಿಯಲ್ಲಿ ಕಳೆದಿದ್ದೇನೆಂದರೆ, ನಿಜವಾಗಿ ಹೇಗೆ ಕಳೆದೆ ಎಂಬುದೇ ಈಗ ಮಸುಕು. ಒಂದರಲ್ಲಿ ನಾನು ಸ್ಕೂಟರು ಬಿಟ್ಟು ಓಡುತ್ತೇನೆ. ಇನ್ನೊಂದರಲ್ಲಿ ಫೋನು ಮಾಡಿ ಸಿಪ್ರಿಯಣ್ಣನೊಂದಿಗೇ ಮಾತಾಡುತ್ತೇನೆ. ನಿಜದಲ್ಲಿ ಎರಡನ್ನೂ ಮಾಡಲಿಲ್ಲ. ಲಾರಿಯ ಹಿಂದೆ ನಿಂತು ಹಾರ್ನು ಒತ್ತುತ್ತಿದ್ದೆ.

ತಲುಪಿದಾಗ ಹಳೆಯ ಇಗರ್ಜಿಯ ಬಾಗಿಲು ಪೂರ್ತಿ ತೆರೆದಿತ್ತು. ನಾನು ಹೊಸ್ತಿಲಲ್ಲಿ ನಿಂತೆ. ಒಳಗೆ ನಡುಭಾಗದಲ್ಲಿ, ಮಾತೆಯ ಗೂಡಿನ ಕೆಳಗೆ ಹಾಕಿದ ಬೆಂಚಿನಲ್ಲಿ ಸಿಪ್ರಿಯಣ್ಣ ಕುಳಿತಿದ್ದರು. ಕೊಡೆ ಮಡಚಿ ತೊಡೆಯ ಮೇಲೆ. ಅವರ ಹಿಂದೆ ಗೋಡೆ ಒಳಕ್ಕೆ ಬಾಗಿತ್ತು. ಗರ್ಭಿಣಿಯ ಹೊಟ್ಟೆಯ ಹಾಗೆ ಎಂದು ಆಮೇಲೆ ಎಲ್ಲರೂ ಹೇಳಿದರು, ನಾನೂ ಹಾಗೆಯೇ ಹೇಳುತ್ತೇನೆ, ಬೇರೆ ಮಾತು ಇಲ್ಲ. ನನ್ನನ್ನು ಕಂಡು ಎದ್ದು, ಬಾಗಿಲಿನ ಕಡೆ ನಾಲ್ಕು ಹೆಜ್ಜೆ ಬಂದರು.

“ಬಂದ್ರಾ ಬಾಯೆ. ಮಾತೆಯನ್ನು ಗೂಡಿನಿಂದ ತೆಗೀಬಹುದಾ? ಚೀಟಿ ಕಟ್ಟಿದ್ದೀರಲ್ಲ. ಕಾಗದ ಇಲ್ಲದೆ ತೆಗೆದ್ರೆ ನಿಮಗೆ ತೊಂದರೆ ಆಗುದಿಲ್ವಾ?”

ಅದಕ್ಕಾಗಿ ಅವರು ಬೆಳಗ್ಗೆಯಿಂದ ಆ ಗೋಡೆಯ ಕೆಳಗೆ ನನ್ನನ್ನು ಕಾದಿದ್ದರು. ನನಗೆ ತೊಂದರೆ ಆಗಬಾರದು ಎಂದು. ಬನ್ನಿ ಎನ್ನಬೇಕಿತ್ತು. ಹೊರಗೆ ಬನ್ನಿ. ಎರಡು ಪದ. ನಾನು ಹೇಳಿದ್ದು, “ತೆಗೀರಿ, ತೆಗೀರಿ, ಬೇಗ.” ಅವರು ತಿರುಗಿದರು. ನಾಲ್ಕು ಹೆಜ್ಜೆ ಹಿಂದಕ್ಕೆ ಹೋದರು. ಕೊಡೆಯನ್ನು ಬೆಂಚಿನ ತುದಿಯಲ್ಲಿ ಒರಗಿಸಿದರು. ಬೆಂಚು ಹತ್ತಿದರು. ಎರಡೂ ಕೈ ಮೇಲೆತ್ತಿದರು. ಆಗ ಮೊರದಿಂದ ಅಕ್ಕಿ ಸುರಿದ ಹಾಗೆ ಸದ್ದು ಬಂತು. ಒಳಗಿನ ಸುಣ್ಣ ಜಾರುತ್ತಿತ್ತು. ನಾನು ಒಂದು ಕಾಲನ್ನು ಹೊಸ್ತಿಲಿನೊಳಗೆ ಇಟ್ಟಿದ್ದೆ. ಹಿಂದಿನಿಂದ ಯಾರೋ ನನ್ನ ರೇನ್‌ಕೋಟಿನ ಟೊಪ್ಪಿಯನ್ನು ಹಿಡಿದು ಎಳೆದರು. ಕುತ್ತಿಗೆ ಬಿಗಿದು ನಾನು ಬೆನ್ನ ಮೇಲೆ ಬಿದ್ದೆ. ಅದು ಯಮನಪ್ಪ.

ಗೋಡೆ ಒಳಕ್ಕೂ ಬೀಳಲಿಲ್ಲ, ಹೊರಕ್ಕೂ ಬೀಳಲಿಲ್ಲ. ನಿಂತಲ್ಲೇ ಕುಳಿತುಕೊಂಡಿತು. ಕಾಲು ಸೋತವರು ಕುಳಿತ ಹಾಗೆ. ಅದರ ಮೇಲೆ ಮಾಡು ಜಾರಿತು, ಹಂಚುಗಳು ತುಂಬಾ ಹೊತ್ತು ಬೀಳುತ್ತಿದ್ದವು. ಅಷ್ಟು ಮಳೆಯಲ್ಲೂ ಬಾಗಿಲಿನಿಂದ ಕೆಂಪು ಧೂಳು ಬಂತು. ಒಂದು ಕಲ್ಲು ಉರುಳಿ ಬಂದು ಹೊಸ್ತಿಲಲ್ಲಿ, ನನ್ನ ಒಂಟಿ ಚಪ್ಪಲಿಯ ಮೇಲೆ ನಿಂತಿತು. ಆ ನಾಲ್ಕು ಹೆಜ್ಜೆಗಳನ್ನು ನಾನು ಈಗಲೂ ಎಣಿಸುತ್ತೇನೆ. ಬಸ್ಸಿನಲ್ಲಿ, ಮೀನಿನ ಅಂಗಡಿಯ ಮುಂದೆ, ನಕ್ಷೆಯ ಮೇಲೆ ಗೆರೆ ಎಳೆಯುವಾಗ. ಒಂದು, ಎರಡು, ಮೂರು, ನಾಲ್ಕು. ಎಣಿಸಿದಾಗಲೆಲ್ಲ ನನ್ನ ಬಾಯಿಂದ ಅದೇ ಮಾತು ಹೊರಡುತ್ತದೆ. ಕನಸಿನಲ್ಲಿ ಕೂಡ ನಾನು ಸರಿಯಾದ ಮಾತು ಹೇಳಿದ್ದಿಲ್ಲ.

ಮೊದಲು ಓಡಿ ಬಂದವರು ವಾಲ್ಟರ್ ಬಾಬ್. ಮನೆಯ ಲುಂಗಿಯಲ್ಲಿ, ಬರಿಗಾಲಲ್ಲಿ. ಯಂತ್ರ ಬರಲಿ, ಉಳಿದ ಗೋಡೆಯೂ ಬೀಳಬಹುದು ಎಂದು ಯಾರೋ ತಡೆದರು. ಅವರು ಕೇಳಿಸಿಕೊಳ್ಳಲಿಲ್ಲ. ಅವರೂ ಯಮನಪ್ಪನೂ ಅವನ ಆಳುಗಳೂ ಕಲ್ಲುಗಳನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿದರು. ನಾನು ಕೂಡ ಸಾಲಿನಲ್ಲಿ ನಿಂತಿದ್ದೆ. ನೆನೆದ ಮುರಕಲ್ಲು ಕೈಯಲ್ಲಿ ಅರ್ಧ ಕರಗಿ ಬರುತ್ತಿತ್ತು. ಮುಕ್ಕಾಲು ಗಂಟೆಯ ನಂತರ ಸಿಪ್ರಿಯಣ್ಣ ಸಿಕ್ಕಿದರು. ಜೀವ ಇತ್ತು. ಬೆಂಚು ಅವರ ಎದೆಯನ್ನು ಉಳಿಸಿತ್ತು, ಬಲಗಾಲನ್ನು ಉಳಿಸಿರಲಿಲ್ಲ. ಪ್ರತಿಮೆಯನ್ನು ಅಪ್ಪಿಕೊಂಡಿದ್ದರು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ ಎಂದು ಊರಲ್ಲಿ ಈಗ ಹೇಳುತ್ತಾರೆ. ನಿಜವಲ್ಲ. ಮುಖ ಒಡೆದು ಹೋಗಿತ್ತು. ನಾನು ನೋಡಿದ್ದೇನೆ.

ಮಣಿಪಾಲದ ಆಸ್ಪತ್ರೆಯಲ್ಲಿ ಅವರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ನಾಲ್ಕು ದಿನ ಬಿಟ್ಟು ಇಲಾಖೆಯ ಅಧಿಕಾರಿಯೊಬ್ಬರು ಸ್ಥಳ ನೋಡಲು ಬಂದರು. ಕೆಟ್ಟ ಮನುಷ್ಯರಲ್ಲ. ಕಲ್ಲಿನ ರಾಶಿಯ ಮುಂದೆ ಕೊಡೆ ಹಿಡಿದು ತುಂಬಾ ಹೊತ್ತು ನಿಂತರು. ಅಂಗಳದಲ್ಲಿ ಕಪ್ಪಾಗಿ ಕೊಳೆಯುತ್ತಿದ್ದ ಮಡಲಿನ ರಾಶಿ ಕಂಡು ಇದೇನು ಎಂದು ವಿಚಾರಿಸಿದರು. ಫಾದರ್ ಹೇಳಿದರು. ಆಗ ಅವರು ನನ್ನತ್ತ ತಿರುಗಿ, ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ಆಶ್ಚರ್ಯದಿಂದ ಕೇಳಿದರು, “ಇದಕ್ಕೆ ಅನುಮತಿ ಯಾಕೆ ಕೇಳಿದಿರಿ? ಪ್ರತಿವರ್ಷ ಮಾಡುವ ಕೆಲಸ ಅಲ್ವಾ? ಕೇಳದಿದ್ದರೆ ಕಟ್ಟಿಬಿಡುತ್ತಿದ್ದರು.”

ಪತ್ರಕ್ಕೆ ಉತ್ತರ ಬಂದದ್ದು ಆಗಸ್ಟಿನಲ್ಲಿ. ನಾಲ್ಕು ಸಾಲು. ವಾಡಿಕೆಯಂತೆ ವರ್ಷ ವರ್ಷ ನಡೆಯುವ ನಿರ್ವಹಣೆಗೆ ಅನುಮತಿ ಬೇಕಾಗಿಲ್ಲ ಎಂಬುದು ಅದರ ಸಾರ. ಅದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋಗಿದ್ದೆ. ಸಿಪ್ರಿಯಣ್ಣ ದಿಂಬಿಗೆ ಒರಗಿ ಕುಳಿತಿದ್ದರು. ಅವರ ಮಗಳು ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಇಬ್ಬರೂ ನನ್ನನ್ನು ಕುಳಿತುಕೊಳ್ಳಲು ಹೇಳಿದರು, ನನಗೂ ಹಣ್ಣು ಕೊಟ್ಟರು. ಹೊರಗೆ ಮಳೆ ಹೇಗಿದೆ, ಹೊಳೆ ಎಷ್ಟು ಏರಿದೆ ಎಂದೆಲ್ಲ ಮಾತಾಯಿತು. ಆಮೇಲೆ ಅವರು ಮಗಳಿಗೆ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದರು.

“ಬಾಯೆ, ಆ ಕಾಗದ ಬಂತಾ?”

ಚೀಲ ನನ್ನ ತೊಡೆಯ ಮೇಲಿತ್ತು.

“ಇಲ್ಲ ಸಿಪ್ರಿಯಣ್ಣ. ಬರಲಿಲ್ಲ.”

“ಹ್ಞಾ. ನಾನು ಮಗಳಿಗೂ ಅದನ್ನೇ ಹೇಳಿದ್ದು. ಕಾಗದ ಬರ್ಲಿಲ್ಲ, ನಾವು ಎಂತ ಮಾಡ್ಲಿಕ್ಕೆ ಆಗ್ತದೆ? ಬಾಯೆಯ ತಪ್ಪು ಎಂತ ಉಂಟು?”

ಅಷ್ಟು ಹೇಳಿ ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ನಾನು ಸಿಪ್ಪೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಇಳಿದೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಿದರೆ ನನ್ನ ಭಾರ ಕಡಿಮೆಯಾಗುತ್ತದೆ, ನಿಜ. ಆದರೆ ಕಾಲು ಹೋದದ್ದು ಯಾವ ಕಾರಣಕ್ಕೂ ಅಲ್ಲ ಎಂಬುದನ್ನು ಅವರು ಹೊರಬೇಕಾಗುತ್ತದೆ. ಅವರಲ್ಲಿ ಉಳಿದಿರುವುದು ಸರಕಾರದ ಕಾಗದ ಬರಲಿಲ್ಲ ಎಂಬ ಒಂದು ಕಾರಣ ಮಾತ್ರ. ಅದನ್ನೂ ಕಿತ್ತುಕೊಳ್ಳಲು ನನಗೆ ಧೈರ್ಯವಿಲ್ಲ. ಇದು ಕರುಣೆಯೋ ಹೇಡಿತನವೋ ಎಂದು ಕೇಳಿಕೊಂಡು ಕೇಳಿಕೊಂಡು ಈಗ ಆ ಎರಡು ಪದಗಳ ಅರ್ಥವೇ ಸವೆದು ಹೋಗಿದೆ.

ಇಗರ್ಜಿಯ ಉಳಿದ ಮೂರು ಗೋಡೆಗಳಿಗೆ ನಾನು ತೆಂಗಿನ ಕಂಬಗಳ ಆಸರೆ ಕೊಡಿಸಿದ್ದೆ. ಮೂರು ಗೋಡೆಗಳನ್ನಾದರೂ ಸ್ಮಾರಕ ಮಾಡಬಹುದು ಎಂದು ಮತ್ತೊಂದು ವರದಿ ಬರೆದೆ. ಅದನ್ನು ಯಾರಾದರೂ ಓದಿದರೋ ತಿಳಿಯದು. ಅಪಾಯಕಾರಿ ಕಟ್ಟಡ, ಕೂಡಲೇ ತೆರವು ಮಾಡಬೇಕು ಎಂದು ಸ್ಥಳೀಯ ಆಡಳಿತದಿಂದ ಆದೇಶ ಬಂತು. ಈ ಕಾಗದ ಬರಲು ತಡವಾಗಲಿಲ್ಲ. ಅಧಿಸೂಚನೆಯ ಕಡತವನ್ನು, ಸ್ಮಾರಕವೇ ಇಲ್ಲದ ಕಾರಣ, ಮುಚ್ಚಿದರು.

ಗೋಡೆ ಬಿದ್ದ ಮೇಲಿನ ಎಂಟು ವಾರ ನಾನು ಕಾಪುವಿನ ಮನೆಯಲ್ಲಿದ್ದೆ. ರಾತ್ರಿ ಮಳೆಯ ಹನಿ ಮಾಡಿಗೆ ಬಿದ್ದರೆ ಎಚ್ಚರ. ಎದ್ದು ಕುಳಿತು, ಈಗ ಆ ಮೂರು ಗೋಡೆಗಳಿಗೆ ನೀರು ಯಾವ ಕಡೆಯಿಂದ ಹೊಡೆಯುತ್ತಿರಬಹುದು, ಯಾವ ಕಂಬ ಜಾರಿರಬಹುದು ಎಂದು ಲೆಕ್ಕ ಹಾಕುವುದು. ಅಮ್ಮ ಮೊದಲು ಬೈದಳು, ಆಮೇಲೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು, ಆಮೇಲೆ ಸುಮ್ಮನೆ ಪಕ್ಕದಲ್ಲಿ ಹಾಸಿಕೊಂಡು ಮಲಗತೊಡಗಿದಳು. ಗುಳಿಗೆ ಕೆಲಸ ಮಾಡಲಿಲ್ಲ. ಯಾವ ರಾತ್ರಿಯನ್ನೂ ನಾನು ಒಂದೇ ತುಂಡಾಗಿ ಕಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ, ತೆನೆಹಬ್ಬ ಕಳೆದ ವಾರ, ಯಂತ್ರ ಬಂತು. ದಾಖಲೆಗೆ ಫೋಟೋ ಬೇಕು ಎಂದು ಕಚೇರಿಯವರು ನನ್ನನ್ನೇ ಕಳಿಸಿದರು. ಎರಡು ದಿನದ ಕೆಲಸ. ಯಮನಪ್ಪ ನೋಡಲಾರೆ ಎಂದು ರಜೆ ಹಾಕಿದ್ದ. ವಾಲ್ಟರ್ ಬಾಬ್ ಎರಡೂ ದಿನ ಅಂಗಳದ ತುದಿಯಲ್ಲಿ ಕೈಕಟ್ಟಿ ನಿಂತಿದ್ದರು. ಎರಡನೆಯ ದಿನ ಮಧ್ಯಾಹ್ನ ನನ್ನ ಹತ್ತಿರ ಬಂದು, “ನನಗೆ ಇದು ಹೋಗಬೇಕಿತ್ತು, ಸುಳ್ಳು ಹೇಳುದಿಲ್ಲ. ಹೀಗೆ ಹೋಗುದು ಬೇಡಿತ್ತು” ಎಂದರು. ಸಿಪ್ರಿಯಣ್ಣನ ಮನೆ ಅಲ್ಲಿಂದ ಐವತ್ತು ಮಾರು ದೂರ. ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿತ್ತು. ಯಂತ್ರದ ಸದ್ದು ಕೇಳದಿರಲಿ ಎಂದು ಮಗಳು ಟಿವಿ ಹಾಕಿದ್ದಳಂತೆ. ಅವರು ಅದನ್ನು ಆರಿಸಲು ಹೇಳಿದರಂತೆ.

ಮೂರೂವರೆಗೆ ಕೊನೆಯ ಗೋಡೆ ಬಿತ್ತು. ಕಲ್ಲುಗಳನ್ನು ಟಿಪ್ಪರಿಗೆ ತುಂಬಿದರು. ಸಂಜೆಯ ಹೊತ್ತಿಗೆ ನೆಲ ಸಮವಾಗಿ, ಅಲ್ಲಿಂದ ಹೊಳೆ ನೇರವಾಗಿ ಕಾಣುತ್ತಿತ್ತು. ನಾನು ಬಸ್ಸು ಹಿಡಿದು ಕಾಪುವಿಗೆ ಬಂದೆ. ಕಾಲು ತೊಳೆದು, ಗಂಜಿ ಕುಡಿದು, ಚಾಪೆಯ ಮೇಲೆ ಅಡ್ಡಾದೆ. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಅಡುಗೆಮನೆಯವರೆಗೆ ಬಂದಿತ್ತು. ಅಮ್ಮ ಒದ್ದೆ ಬಟ್ಟೆಗಳನ್ನು ಹಿಂಡಿ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು.

“ರಾತ್ರಿ ಎಂಥ ಮಳೆ ಬಂತು ಗೊತ್ತುಂಟಾ? ಈ ವರ್ಷ ಅಂಥದ್ದು ಬಂದೇ ಇಲ್ಲ. ಸಿಡಿಲಿಗೆ ಪಾತ್ರೆ ಬಿದ್ದದ್ದೂ ನಿನಗೆ ಗೊತ್ತಾಗ್ಲಿಲ್ಲ ಅಲ್ವಾ? ದೇವರು ದೊಡ್ಡವನು, ನಿದ್ದೆ ಬಂತಲ್ಲ” ಎಂದಳು.

ನನಗೆ ಕೇಳಿಸಿರಲಿಲ್ಲ. ಮಳೆಗೆ ನೆನೆಯಲು ಅಲ್ಲಿ ಇನ್ನು ಏನೂ ಇರಲಿಲ್ಲ.